ಆಂಬ್ರೋಸನ ಚಿತ್ರದ ಚಲ್ಲಣ

ವಿದರ್‌ಬ್ರಿಜ್ ಪಟ್ಟಣದಲ್ಲಿ ಮೇಯರಾಗಲಿ, ಪಾದ್ರಿಯಾಗಲಿ, ಇಗರ್ಜಿಯ ಗಂಟೆ ಬಾರಿಸುವ ದಪ್ಪ ಮೀಸೆಯವನಾಗಲಿ, ಎಲ್ಲರೂ ಒಂದು ಕಾಲಕ್ಕೆ ಲಂಗ ತೊಟ್ಟು ಕುಣಿದಾಡಿದವರೇ. ಗಂಡು ಮಗುವಿಗೆ ನಾಲ್ಕೋ ಐದೋ ತುಂಬುವ ತನಕ ಬಿಳಿ ಮಸ್ಲಿನ್ನಿನ ಲಂಗ, ಸೊಂಟಕ್ಕೆ ರಿಬ್ಬನ್ನು, ಕೊರಳಿಗೆ ಹವಳದ ಸರ, ಹೆಗಲ ಮೇಲೆ ಗುಂಗುರು ಕೂದಲು. ಆಮೇಲೆ ಒಂದು ಒಳ್ಳೆಯ ದಿನ ನೆಂಟರಿಷ್ಟರನ್ನೆಲ್ಲ ಕರೆದು, ಕೇಕು ಹಂಚಿ, ಲಂಗ ಬಿಚ್ಚಿಸಿ ಚಲ್ಲಣ ತೊಡಿಸುತ್ತಾರೆ. ಅಲ್ಲಿಂದ ಮುಂದೆ ಅವನು ಗಂಡಸು. ಬಿದ್ದರೂ ಅಳುವ ಹಾಗಿಲ್ಲ.

ಮೇಣದಬತ್ತಿ ಮಾಡುವ ಜೊಸಾಯ ಟಫ್ನೆಲ್‌ನ ಮಗ ಆಂಬ್ರೋಸನಿಗೆ ನಾಲ್ಕೂವರೆ ದಾಟಿತ್ತು. ಆದರೂ ಲಂಗ ಬಿಟ್ಟಿರಲಿಲ್ಲ. ಅದಕ್ಕೆ ಕಾರಣ ಅವನ ಸೋದರಮಾವ.

ಜೊಸಾಯನ ಹೆಂಡತಿ ಲವಿನಿಯಳಿಗೆ ಒಬ್ಬನೇ ತಮ್ಮ, ನೌಕಾಪಡೆಯ ಲೆಫ್ಟಿನೆಂಟ್ ಬಾರ್ನಬಿ ಗ್ಯಾರಡ್. ಆಂಬ್ರೋಸ್ ಇನ್ನೂ ತೊಟ್ಟಿಲಲ್ಲಿದ್ದಾಗ ಫ್ರೆಂಚರ ಮೇಲಿನ ಯುದ್ಧಕ್ಕೆ ಹೊರಟವನು, ಗಾಡಿ ಹತ್ತುವ ಮುಂಚೆ ಇಡೀ ಬೀದಿಗೆ ಕೇಳುವ ಹಾಗೆ ಹೇಳಿ ಹೋಗಿದ್ದ: "ಅಕ್ಕಾ, ಇವನಿಗೆ ಮೊದಲನೇ ಚಲ್ಲಣ ತೊಡಿಸೋನು ನಾನೇ. ನಾನು ಜೀವಂತ ಇರೋ ತನಕ ಬೇರೆ ಯಾರೂ ಆ ಕೆಲಸಕ್ಕೆ ಕೈ ಹಾಕಬಾರದು." ಲವಿನಿಯ ಬೈಬಲ್ಲಿನ ಮೇಲೆ ಕೈಯಿಟ್ಟು ಹೂಂ ಅಂದಳು. ಪಕ್ಕದಲ್ಲಿ ಸುಮ್ಮನೆ ನಿಂತಿದ್ದ ಗಂಡನ ಕೈಯನ್ನೂ ಎಳೆದು ಅದರ ಮೇಲೆ ಇಡಿಸಿದಳು. ಬೀದಿಯವರೆಲ್ಲ ಇದನ್ನು ಕಂಡಿದ್ದರು, ಕಂಡವರು ಕಾಣದವರಿಗೆ ಹೇಳಿದ್ದರು. ಹಾಗಾಗಿ ಆಂಬ್ರೋಸನ ಲಂಗ ಒಂದು ಬಟ್ಟೆಯಾಗಿ ಉಳಿಯದೆ, ದೂರ ಸಮುದ್ರದಲ್ಲಿ ಒಬ್ಬ ಲೆಫ್ಟಿನೆಂಟು ಉಸಿರಾಡುತ್ತಿದ್ದಾನೆ ಎಂದು ಊರಿಗೆ ಸಾರುವ ಬಿಳಿಯ ಬಾವುಟವಾಗಿಬಿಟ್ಟಿತ್ತು.

ಜೊಸಾಯ ಕೆಟ್ಟವನಲ್ಲ. ತಾನು ಮಾಡುವ ಬತ್ತಿಗಳ ಹಾಗೆಯೇ ಅವನೂ ಬೆಳ್ಳಗೆ, ನೆಟ್ಟಗೆ, ಸ್ವಲ್ಪ ಬಿಸಿ ತಾಗಿದರೆ ಬಾಗುವಂಥವನು. ಹೆಂಡತಿಯನ್ನು ಕೇಳದೆ ಗಡಿಯಾರಕ್ಕೆ ಕೀಲಿ ಕೊಟ್ಟವನೂ ಅಲ್ಲ. ಅಂಥವನ ತಲೆ ಕೆಟ್ಟದ್ದು ಒಂದು ಚಿತ್ರದಿಂದ.

ಊರೂರು ತಿರುಗಿ ಭಾವಚಿತ್ರ ಬರೆಯುವ ಫೆನ್ನಿಮೋರ್ ಎಂಬಾತ ವರ್ಷಕ್ಕೆರಡು ಸಲ ಬಂದು 'ಬಿಳಿ ಹಂಸ' ಛತ್ರದಲ್ಲಿ ಇಳಿಯುತ್ತಿದ್ದ. ಬೇಸಿಗೆಯ ಮೊದಲಲ್ಲಿ ಲವಿನಿಯ ಅವನಿಂದ ಆಂಬ್ರೋಸನ ಚಿತ್ರ ಬರೆಸಿದಳು. ಗಂಡು ಮಗುವೆಂದು ತಿಳಿಯಲಿ ಎಂದು ಚಿತ್ರಗಾರ ಅವನ ಕೈಗೆ ಚಾಟಿ ಕೊಟ್ಟು ನೋಡಿದ, ತಮ್ಮಟೆ ಕೊಟ್ಟು ನೋಡಿದ. ಹುಡುಗ ಎರಡನ್ನೂ ಎಸೆದು ಚೆರ್ರಿ ಹಣ್ಣಿನ ಗೊಂಚಲನ್ನೇ ಹಿಡಿದುಕೊಂಡ. ಹಾಗಾಗಿ ಚಿತ್ರದಲ್ಲಿ ಬಿಳಿ ಲಂಗ, ನೀಲಿ ರಿಬ್ಬನ್ನು, ಹವಳದ ಸರ, ಗುಂಗುರು ಕೂದಲು, ಕೈಯಲ್ಲಿ ಚೆರ್ರಿ.

ಎದುರು ಸಾಲಿನ ಟೋಪಿ ಅಂಗಡಿಯ ಡ್ಯಾಗೆಟ್ ಬಂದು, ತಲೆಯ ಮೇಲಿನ ಟೋಪಿ ತೆಗೆಯದೆ, ಚಿತ್ರವನ್ನು ಬಹಳ ಹೊತ್ತು ನೋಡಿದ.

"ಮಗಳು ಲಕ್ಷಣವಾಗಿದಾಳೆ ಕಣಯ್ಯ," ಎಂದ. "ನಿಂಗೆ ಒಬ್ಬ ಮಗನೂ ಇದ್ದ ಹಾಗೆ ನೆನಪು. ಅವನ ಚಿತ್ರ ಯಾವಾಗ ಬರೆಸ್ತೀಯ?"

ಡ್ಯಾಗೆಟ್ಟನ ಮಗ ಆಂಬ್ರೋಸನಿಗಿಂತ ಎರಡು ತಿಂಗಳು ಚಿಕ್ಕವನು. ಅವನಿಗೆ ಆಗಲೇ ಚಲ್ಲಣವಾಗಿ, ಎರಡು ಸಾಲು ಹಿತ್ತಾಳೆ ಗುಂಡಿಯ ನೀಲಿ ಉಡುಪಿನಲ್ಲಿ ಚಿತ್ರವೂ ಆಗಿ, ಅದು ಟೋಪಿಗಳ ನಡುವೆ ರಾಜನ ಹಾಗೆ ಕೂತಿತ್ತು. ಜೊಸಾಯ ಇಡೀ ಬೇಸಿಗೆ ಆ ಗುಂಡಿಗಳನ್ನು ನೋಡುತ್ತ ಬತ್ತಿ ಅದ್ದಿದ.

ಸೆಪ್ಟೆಂಬರಿನಲ್ಲಿ ಫೆನ್ನಿಮೋರ್ ಮತ್ತೆ ಬಂದ. "ಚಿತ್ರ ಯಾಕೋ ಮಂಕಾಗಿದೆ, ವಾರ್ನಿಷ್ ಹಾಕಿಸಿಕೊಂಡು ಬರ್ತೀನಿ" ಎಂದು ಜೊಸಾಯ ಹೆಂಡತಿಗೆ ಹೇಳಿ ಅದನ್ನು ಕಂಕುಳಲ್ಲಿಟ್ಟುಕೊಂಡು ಛತ್ರಕ್ಕೆ ಹೋದ. ಮದುವೆಯಾದ ಮೇಲೆ ಅವನು ಹೇಳಿದ ಮೊದಲ ಸುಳ್ಳು ಅದು. ಛತ್ರದಲ್ಲಿ ಫೆನ್ನಿಮೋರನ ಮುಂದೆ ಡ್ಯಾಗೆಟ್ಟನ ಮಾತನ್ನೆಲ್ಲ ಹೇಳಿಕೊಂಡ.

"ಅದಕ್ಕೇನು, ಲಂಗದ ಮೇಲೇ ಒಂದು ಚಲ್ಲಣ, ಚೆರ್ರಿ ಮೇಲೆ ಒಂದು ಚಾಟಿ ಬರೆದುಬಿಡೋಣ," ಎಂದ ಫೆನ್ನಿಮೋರ್. "ಕೆಳಗಿನ ಬಣ್ಣ ಒಣಗಿ ಕಲ್ಲಾಗಿದೆ, ಮೇಲೆ ವಾರ್ನಿಷ್ ಇದೆ. ಸಾಕು ಅನ್ನಿಸಿದ ದಿನ ಟರ್ಪೆಂಟೈನಲ್ಲಿ ಚಿಂದಿ ಅದ್ದಿ ಒರೆಸಿ, ಹೊಸದು ಹೋಗಿ ಹಳೇದು ಉಳಿಯುತ್ತೆ. ತಡ ಮಾತ್ರ ಮಾಡಬೇಡಿ. ಕ್ರಿಸ್‌ಮಸ್ ಕಳೀತು ಅಂದ್ರೆ ಎರಡೂ ಅಂಟಿಕೊಂಡು ಹೋಗ್ತವೆ."

"ಕ್ರಿಸ್‌ಮಸ್ ತನಕ ಯಾಕೆ? ಗುರುವಾರ ಸಂತೆ, ಅದೊಂದು ದಿನ ಛತ್ರದ ಕಿಟಕೀಲಿ ಇಡಿ. ಡ್ಯಾಗೆಟ್ ಆ ಕಡೆ ಹಾದುಹೋಗ್ಲಿ. ಸಂಜೆ ನಾನೇ ಒರೆಸಿ ಮನೆಗೆ ತಗೊಂಡು ಹೋಗ್ತೀನಿ," ಎಂದ ಜೊಸಾಯ.

ಮಂಡಿಯ ಹತ್ತಿರ ಬಟ್ಟೆ ಹೇಗೆ ಮಡಚುತ್ತದೆಂದು ನೋಡದೆ ಬರೆಯುವುದಿಲ್ಲ ಎಂದು ಚಿತ್ರಗಾರ ಹಟ ಹಿಡಿದ. ಜೊಸಾಯ ದರ್ಜಿಯಿಂದ ಅಂಥದೇ ಎರಡು ಸಾಲು ಗುಂಡಿಯ ನೀಲಿ ಉಡುಪು ಎರವಲು ತಂದು, ಬುಧವಾರ ಮಧ್ಯಾಹ್ನ ಬತ್ತಿಗೆ ಕೊಬ್ಬು ಕಾಯಿಸುವ ಕೊಟ್ಟಿಗೆಯಲ್ಲಿ, ಫೆನ್ನಿಮೋರನ ಮುಂದೆ ಮಗನಿಗೆ ತೊಡಿಸಿದ. ಬಾಯಿಗೊಂದು ಬಾರ್ಲಿ ಸಕ್ಕರೆಯ ಮಿಠಾಯಿ ಕಡ್ಡಿ ಇಟ್ಟ.

"ಅಪ್ಪ, ನಾನೀಗ ಗಂಡಸಾ?"

"ಅರ್ಧ ಗಂಟೆ ಮಾತ್ರ. ಅಮ್ಮಂಗೆ ಹೇಳಬಾರದು. ನಿಜವಾದ ಚಲ್ಲಣ ಬಾರ್ನಿ ಮಾವ ಬಂದಮೇಲೆ."

ಅರ್ಧ ಗಂಟೆಯ ಮೇಲೆ ಮತ್ತೆ ಲಂಗ ಬಂತು. ಉಡುಪು ಕೊಬ್ಬಿನ ಪೀಪಾಯಿಯ ಹಿಂದೆ ಅಡಗಿತು. ಅಡಗಿಸಿದ್ದನ್ನು ಆಂಬ್ರೋಸ್ ನೋಡಿದ್ದ.

ಗುರುವಾರ ಹತ್ತು ಗಂಟೆಗೆ ಚಿತ್ರ ಕಿಟಕಿಗೆ ಬಂತು. ಹತ್ತೂವರೆಗೆ ರಿಬ್ಬನ್ ಅಂಗಡಿಯ ಮಿಸೆಸ್ ಕ್ವಿಲೆಟ್, ಬಟ್ಟೆ ಮುಚ್ಚಿದ ತಟ್ಟೆ ಹಿಡಿದುಕೊಂಡು ಜೊಸಾಯನ ಅಂಗಡಿಗೆ ಬಂದಳು. ತಟ್ಟೆಯಲ್ಲಿ ಸೋಂಪು ಹಾಕಿದ ಕೇಕು. ಕಣ್ಣುಗಳು ಕೆಂಪಾಗಿದ್ದವು.

"ಕಿಟಕೀಲಿ ನೋಡ್ದೆ," ಎಂದಳು. "ನೋಡಿ ಎದೆ ಧಸಕ್ಕಂತು. ಇದನ್ನ ತಿನ್ನಿ. ನೀವು ಗಟ್ಟಿಯಾಗಿರಬೇಕು."

ಒಂದು ಚಲ್ಲಣ ಇಷ್ಟು ಪರಿಣಾಮ ಮಾಡುತ್ತದೆಂದು ಜೊಸಾಯ ಎಣಿಸಿರಲಿಲ್ಲ. ಹಿಗ್ಗನ್ನು ಅಡಗಿಸಿಕೊಂಡು ಕೇಕಿನ ಒಂದು ಹೋಳು ಬಾಯಿಗಿಟ್ಟ. ಚೆನ್ನಾಗಿತ್ತು. ಇನ್ನೊಂದನ್ನೂ ತೆಗೆದುಕೊಂಡ.

"ಲವಿನಿಯಂಗೆ ಗೊತ್ತಾ?"

"ಇಲ್ಲ. ಅವಳಿಗೆ ಹೇಳೋ ಧೈರ್ಯ ಎಲ್ಲಿದೆ ನಂಗೆ?"

"ಅಯ್ಯೋ ದೇವರೇ." ಮಿಸೆಸ್ ಕ್ವಿಲೆಟ್ ಸೆರಗಿನಂತೆ ಶಾಲಿನ ತುದಿಯಿಂದ ಮೂಗು ಒರೆಸಿಕೊಂಡಳು. "ಒಬ್ಬರೇ ನುಂಗಿಕೊಂಡು ಕೂತಿದೀರ. ಅಂದಹಾಗೆ ಬಾರ್ನಬಿಯ ದೇಹಾನ ದಡಕ್ಕೆ ತಂದರಂತಾ, ಅಥವಾ ಸಮುದ್ರಕ್ಕೇ ಇಳಿಸಿದರಂತಾ?"

ಬಾಯಲ್ಲಿದ್ದ ಕೇಕು ಅಲ್ಲೇ ನಿಂತಿತು.

ವಿದರ್‌ಬ್ರಿಜ್ ಜನರ ಲೆಕ್ಕ ಅವನಿಗೆ ಆಗ ಹೊಳೆಯಿತು. ಮಾವ ಜೀವಂತ ಇರುವ ತನಕ ಹುಡುಗನಿಗೆ ಚಲ್ಲಣವಿಲ್ಲ. ಹುಡುಗನ ಚಿತ್ರದಲ್ಲಿ ಚಲ್ಲಣವಿದೆ. ಕೂಡಿಸಲು ಬರುವವರು ಯಾರಾದರೂ ಕೂಡಿಸಬಹುದಿತ್ತು. ಸಂತೆಗೆ ಬಂದವರೆಲ್ಲ ಕೂಡಿಸಿದ್ದರು.

ಆಗ ಒಂದೇ ಒಂದು ಮಾತು ಸಾಕಿತ್ತು. ಜೊಸಾಯ ಕೇಕು ನುಂಗಿ ಆ ಮಾತಿಗೆ ಬಾಯಿ ತೆರೆದ. ಅಷ್ಟರಲ್ಲಿ ಬಾಗಿಲಲ್ಲಿ ಡ್ಯಾಗೆಟ್ ಕಾಣಿಸಿಕೊಂಡ. ಟೋಪಿ ಕೈಯಲ್ಲಿತ್ತು. ಹನ್ನೆರಡು ವರ್ಷದ ನೆರೆಯಲ್ಲಿ ಜೊಸಾಯ ಆ ಬೋಳುತಲೆಯನ್ನು ನೋಡಿದ್ದು ಅದೇ ಮೊದಲು.

"ಟಫ್ನೆಲ್, ಅವತ್ತು ನಾಲಿಗೆ ಹರಿಯಬಿಟ್ಟೆ, ಮನಸ್ಸಲ್ಲಿ ಇಟ್ಕೋಬೇಡಪ್ಪ," ಎಂದ ಡ್ಯಾಗೆಟ್. "ನಿನ್ನ ಮನೇಲಿ ಇಂಥಾ ಮಾತು ಕೊಟ್ಟಿರುವಾಗ ನಾನು ಲಂಗದ ಬಗ್ಗೆ ಆಡ್ಕೊಂಡೆ. ನನ್ನಂಥ ಕತ್ತೆ ಇನ್ನೊಬ್ಬನಿಲ್ಲ."

ಡ್ಯಾಗೆಟ್ ತನ್ನನ್ನು ತಾನೇ ಕತ್ತೆ ಎನ್ನುತ್ತಿರುವಾಗ ತಡೆಯಲು ಜೊಸಾಯನಿಗೆ ಮನಸ್ಸು ಬರಲಿಲ್ಲ. ಗಂಟಲಲ್ಲಿ ಸೋಂಪು ಸಿಕ್ಕಿ ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. ಅದನ್ನು ಕಂಡು ಇಬ್ಬರೂ ಹೋ ಎಂದು ಅತ್ತರು. ಅಳು ಕೇಳಿ ಮಾಂಸದಂಗಡಿಯವನು ಬಂದ. ಅವನ ಹಿಂದೆ ಪಾದ್ರಿ ಆಸ್ಗುಡ್ ಬಂದು ಜೊಸಾಯನ ಎರಡೂ ಕೈ ಹಿಡಿದುಕೊಂಡರು.

"ಗಂಟೆ ಬಾರಿಸೋಕೆ ಹೇಳಿದೀನಿ," ಎಂದರು ಪಾದ್ರಿ. "ನೀವು ಬಂದು ಕೇಳೋ ಹಾಗಾಗಬಾರದು ನೋಡಿ, ಅದಕ್ಕೇ ನಾನೇ ಹೇಳಿಬಿಟ್ಟೆ."

"ಸ್ವಾಮಿ, ಗಂಟೆ ಬೇಡ. ಅದೇನಂದ್ರೆ, ಆ ಚಲ್ಲಣ—"

"ತಿಳೀತು, ಎಲ್ಲ ತಿಳೀತು. ನೋಡಿದೆ. ತುಂಬ ಸಂಯಮದಿಂದ ಸಾವನ್ನ ತಿಳಿಸಿದೀರಿ. ಒಂದು ಮಾತಿಲ್ಲ, ಕಪ್ಪು ಬಟ್ಟೆಯಿಲ್ಲ. ಎರಡು ಸಾಲು ಗುಂಡಿ, ಅಷ್ಟೇ."

ಗಂಟೆ ಶುರುವಾಯಿತು.

ಸತ್ತವನು ಗಂಡಸಾದರೆ ಮೊದಲು ಒಂಬತ್ತು ಏಟು, ಸ್ವಲ್ಪ ತಡೆದು ವಯಸ್ಸಿನಷ್ಟು ಏಟು. ಹಿತ್ತಿಲಿನಲ್ಲಿ ಬಟ್ಟೆ ಒಗೆಯುತ್ತಿದ್ದ ಲವಿನಿಯ ಊರಿನ ಎಲ್ಲ ಹೆಂಗಸರ ಹಾಗೆ ಕೈ ನಿಲ್ಲಿಸದೆ ಎಣಿಸಿದಳು. ಒಂಬತ್ತು. ಆಮೇಲೆ ಇಪ್ಪತ್ತೇಳು. ಮೊಣಕೈವರೆಗೂ ನೊರೆ ಹಚ್ಚಿಕೊಂಡೇ ಒಳಬಾಗಿಲಿಗೆ ಬಂದಳು.

"ರೀ, ಯಾರ್ರೀ ಹೋದದ್ದು? ಪಾಪ, ನಮ್ಮ ಬಾರ್ನಿ ವಯಸ್ಸಿನವರೇ ಯಾರೋ."

ಅಂಗಡಿ ತುಂಬ ಜನ. ಯಾರ ತಲೆಯ ಮೇಲೂ ಟೋಪಿಯಿಲ್ಲ. ಮಿಸೆಸ್ ಕ್ವಿಲೆಟ್ ಮುಂದೆ ಬಂದು, ಒದ್ದೆ ಮಣಿಕಟ್ಟಿಗೆ ಒಂದು ಗಜ ಕಪ್ಪು ರಿಬ್ಬನ್ನು ಕಟ್ಟಿದಳು. ಲವಿನಿಯ ರಿಬ್ಬನ್ನು ನೋಡಿದಳು. ಗಂಡನನ್ನು ನೋಡಿದಳು. ಜನರ ನಡುವೆ ದಾರಿ ಮಾಡಿಕೊಂಡು, ಎಲ್ಲರ ಕಣ್ಣು ಹೋಗುತ್ತಿದ್ದ ಕಡೆಗೆ, 'ಬಿಳಿ ಹಂಸ'ದ ಕಿಟಕಿಯ ತನಕ ನಡೆದಳು. ಕೈಯ ನೊರೆ ದಾರಿಯುದ್ದಕ್ಕೂ ತೊಟ್ಟಿಕ್ಕಿತು. ಜೊಸಾಯ ಹಿಂದಿನಿಂದ ಓಡಿ ಬಂದಾಗ ಅವಳು ಬೆರಳಿನಿಂದ ಗಾಜಿನ ಮೇಲೆ, ಮಗನ ಮಂಡಿ ಇದ್ದ ಜಾಗ ಮುಟ್ಟಿ ನಿಂತಿದ್ದಳು.

ಜೊಸಾಯನಿಗೆ ಡ್ಯಾಗೆಟ್ಟೂ ಮರೆತುಹೋದ, ಗುಂಡಿಗಳೂ ಮರೆತುಹೋದವು.

"ಲವಿ, ಬಾರ್ನಬಿ ಸತ್ತಿಲ್ಲ," ಎಂದ, ಇಡೀ ಸಂತೆಗೆ ಕೇಳುವ ಹಾಗೆ. "ಕಾಗದ ಬಂದಿಲ್ಲ, ಸುದ್ದಿ ಬಂದಿಲ್ಲ, ಏನೂ ಬಂದಿಲ್ಲ. ಡ್ಯಾಗೆಟ್ ನೋಡ್ಲಿ ಅಂತ ನಾನೇ ನಿನಗೆ ಗೊತ್ತಿಲ್ದ ಹಾಗೆ ಬರೆಸಿದ ಚಲ್ಲಣ ಅದು."

ಸಂತೆಯೆಲ್ಲ ಅವನ ಕಡೆ ತಿರುಗಿತು. ಆಮೇಲೆ ಅಲ್ಲಲ್ಲಿ ತಲೆಗಳು ಅಲ್ಲಾಡಿದವು, ಅನುಕಂಪದಿಂದ.

"ಪಾಪ, ಹೆಂಡತಿಗೋಸ್ಕರ ಎಂಥಾ ಸುಳ್ಳು ಹೇಳ್ತಿದಾನೆ ನೋಡಿ," ಎಂದ ಮಾಂಸದಂಗಡಿಯವನು.

"ಸುಳ್ಳಲ್ಲ, ನಿಜ. ನಿಜವಾಗ್ಲೂ ನಾನೇ ಮಾತು ಮುರಿದೆ."

"ನೀವಾ?" ಲವಿನಿಯಳ ದನಿ ಕಾಗದದಷ್ಟು ತೆಳ್ಳಗಿತ್ತು. "ಗಡಿಯಾರಕ್ಕೆ ಕೀಲಿ ಕೊಡೋಕೂ ನನ್ನ ಕೇಳೋರು ನೀವು. ಬೈಬಲ್ ಮುಟ್ಟಿ ಆಡಿದ ಮಾತನ್ನ, ನನ್ನ ಕೇಳದೆ, ನೀವು ಮುರಿದಿರಾ? ಒಂಬತ್ತು ವರ್ಷ ನಿಮ್ಮ ಜೊತೆ ಬಾಳಿದೀನಿ. ನಿಮ್ಮ ಕೈಲಿ ಆಗಲ್ಲ ಅದು. ನನ್ನ ತಮ್ಮ ಹೋಗಿದಾನೆ."

ಜನ ಹೌದು ಹೌದು ಎಂದರು. ಟಫ್ನೆಲ್ ಹೆಂಡತಿಯನ್ನು ಎದುರು ಹಾಕಿಕೊಂಡ ಎಂಬುದಕ್ಕಿಂತ ಹಡಗು ಮುಳುಗಿತು ಎಂಬುದು ನಂಬಲು ಎಷ್ಟೋ ಸುಲಭವಾಗಿತ್ತು. ಒಬ್ಬ ಸಾಧು ಮನುಷ್ಯ ವರ್ಷಗಟ್ಟಲೆ ಕೂಡಿಸಿಟ್ಟ ಒಳ್ಳೆಯ ಹೆಸರು ಅವನ ಮೇಲೇ ಹೀಗೆ ಎಗರಿ ಬೀಳುವುದು ಅಪರೂಪ.

"ಫೆನ್ನಿಮೋರನ್ನ ಕೇಳಿ," ಎಂದು ಜೊಸಾಯ ಬೇಡಿಕೊಂಡ. ಫೆನ್ನಿಮೋರ್ ಬೆಳಗಿನ ಗಾಡಿಯಲ್ಲಿ ಬ್ರಿಸ್ಟಲ್‌ಗೆ ಹೊರಟುಹೋಗಿದ್ದ.

"ಹಾಗಾದ್ರೆ ನನ್ನ ಮಗನ್ನ ನೋಡಿ. ಅವನಿನ್ನೂ ಲಂಗದಲ್ಲೇ ಇದಾನೆ. ಹಿತ್ತಿಲಲ್ಲಿ ಆಡ್ತಿದಾನೆ, ಬನ್ನಿ, ಎಲ್ಲರೂ ಬನ್ನಿ."

ಎಲ್ಲರೂ ಬಂದರು. ಕೊಟ್ಟಿಗೆಯ ಬಾಗಿಲು ತೆರೆಯಿತು. ಆಂಬ್ರೋಸ್ ಹೊರಗೆ ಬಂದ. ಚಲ್ಲಣ ಹಿಂದುಮುಂದಾಗಿತ್ತು. ಲಂಗವನ್ನು ಪೂರ್ತಿ ಅದರೊಳಗೆ ತುರುಕಿದ್ದರಿಂದ ಸೊಂಟದ ಸುತ್ತ ಒಂದು ದಿಂಬು ಕಟ್ಟಿಕೊಂಡಂತೆ ಕಾಣುತ್ತಿತ್ತು. ಮೈಯೆಲ್ಲ ಕೊಬ್ಬಿನ ಜಿಡ್ಡು. ಆದರೂ ಚಲ್ಲಣ ಚಲ್ಲಣವೇ.

ಲವಿನಿಯ ಒಂದು ಹೆಜ್ಜೆ ಹಿಂದೆ ಸರಿದಳು. ಒಗೆಯುವ ಕಲ್ಲಿನ ಮೇಲೆ ಮೆಲ್ಲಗೆ ಕೂತುಬಿಟ್ಟಳು. ಜೊಸಾಯ ಎರಡು ಕೈಯಿಂದ ಸ್ವಂತ ಕೂದಲು ಹಿಡಿದುಕೊಂಡ.

ಪಾದ್ರಿ ಆಸ್ಗುಡ್ ಹುಡುಗನ ಮುಂದೆ ಮಂಡಿಯೂರಿದರು. "ಕಂದ, ಇದನ್ನ ನಿಂಗೆ ಯಾರು ತೊಡಿಸಿದ್ದು?"

"ಇವತ್ತು ನಾನೇ."

"ಇವತ್ತು ನೀನೇ. ಹಾಗಾದ್ರೆ ನಿನ್ನೆ?"

ಆಂಬ್ರೋಸ್ ಅಪ್ಪನ ಕಡೆ ನೋಡಿದ, ಅಮ್ಮನ ಕಡೆ ನೋಡಿದ. ಪಾದ್ರಿಯ ಕಿವಿಯ ಹತ್ತಿರ ಬಾಯಿ ತಂದು, ಹಿತ್ತಿಲಿಗೆಲ್ಲ ಕೇಳುವ ಹಾಗೆ ಗುಟ್ಟು ಹೇಳಿದ: "ನಿನ್ನೆ ಅಪ್ಪ. ಚಿತ್ರ ಬರೆಯೋ ಮಾಮಂಗೆ ತೋರಿಸೋಕೆ. ಅರ್ಧ ಗಂಟೆ ಗಂಡಸಾಗಿದ್ದೆ. ನಿಜವಾದ್ದು ಬಾರ್ನಿ ಮಾವ ಬಂದಮೇಲಂತೆ. ಅಮ್ಮಂಗೆ ಹೇಳಬಾರದಂತೆ." ಆಮೇಲೆ ಅಮ್ಮನ ಕಡೆ ತಿರುಗಿ, "ಅಮ್ಮ, ನಿಂಗೆ ಹೇಳ್ತಿಲ್ಲ, ಇವರಿಗೆ ಹೇಳ್ತಿದೀನಿ," ಎಂದ.

ಬಾರ್ನಬಿ ಸತ್ತನೆಂದಾಗ ವಿದರ್‌ಬ್ರಿಜ್ ಅತ್ತಿತ್ತು. ಜೊಸಾಯ ಟಫ್ನೆಲ್ ಹೆಂಡತಿಗೆ ಮೋಸ ಮಾಡಿದ ಎಂದು ತಿಳಿದಾಗ ಅಳಲು ಕೂಡ ಯಾರಿಗೂ ಉಸಿರಿರಲಿಲ್ಲ. ಡ್ಯಾಗೆಟ್ ನಿಧಾನವಾಗಿ ಟೋಪಿ ತಲೆಗೇರಿಸಿದ. ಪಾದ್ರಿಯ ಮುಖ ಸುಣ್ಣವಾಯಿತು. "ಬದುಕಿರೋನಿಗೆ ಗಂಟೆ ಬಾರಿಸಿಬಿಟ್ಟೆವಲ್ಲ," ಎಂದರು, "ಇದಕ್ಕೆ ಪ್ರಾರ್ಥನೆ ಪುಸ್ತಕದಲ್ಲಿ ಏನೂ ಹೇಳಿಲ್ಲ." ಮಿಸೆಸ್ ಕ್ವಿಲೆಟ್ ಒಳಗೆ ಹೋಗಿ ಕೇಕಿನ ತಟ್ಟೆ ಎತ್ತಿಕೊಂಡು ಬಂದಳು, ಬಟ್ಟೆ ಸರಿಸಿ ನೋಡಿದಳು.

"ಎರಡು ಹೋಳು ತಿಂದಿದಾನೆ," ಎಂದಳು. "ಬದುಕಿರೋನ ತಿಥಿ ಕೇಕು."

ಲವಿನಿಯ ತನ್ನ ಮಣಿಕಟ್ಟಿನ ಕಪ್ಪು ರಿಬ್ಬನ್ನು ಬಿಚ್ಚಿ, ಮಡಿಸಿ, ಮಿಸೆಸ್ ಕ್ವಿಲೆಟ್ ಕೈಗೆ ಕೊಟ್ಟಳು. ತಮ್ಮ ಬದುಕಿದ್ದ ಸಂತೋಷಕ್ಕೆ ಕಣ್ಣಲ್ಲಿ ನೀರಿಳಿಯುತ್ತಿತ್ತು. ಆದರೆ ಗಂಡನ ಕಡೆ ತಿರುಗಿದ ಮುಖದಲ್ಲಿ ಆ ನೀರಿನ ಗುರುತೇ ಇರಲಿಲ್ಲ.

"ಆ ಚಿತ್ರ ತಂದು ಅದರ ಜಾಗದಲ್ಲೇ ತೂಗುಹಾಕಲಿ. ಯಾರೂ ಒರೆಸಕೂಡದು. ಬಾರ್ನಿ ಬಂದು ನೋಡ್ಲಿ, ಅವನಿಗೆ ಕೊಟ್ಟ ಮಾತನ್ನ ಯಾರು ಹೇಗೆ ಉಳಿಸಿಕೊಂಡ್ರು ಅಂತ. ಹೇಳೋರು ಅವನ ಮುಂದೆ ನಿಂತು ಅವರೇ ಹೇಳಲಿ."

ಅಂದಿನಿಂದ ಅವಳು ಗಂಡನನ್ನು 'ರೀ' ಎಂದು ಕರೆಯಲಿಲ್ಲ. ಊಟಕ್ಕೆ ಬಡಿಸಿದಳು, ಅಂಗಿ ಒಗೆದಳು. ಹೇಳಬೇಕಾದದ್ದನ್ನೆಲ್ಲ ಬೆಕ್ಕಿಗೆ ಹೇಳಿದಳು. "ನೋಡು ಪುಸಿ, ಸೂಪು ಆರಿಹೋಗ್ತಿದೆ, ಯಾರಿಗೆ ಬೇಕೋ ಅವರು ಬರಬಹುದು." ಗಡಿಯಾರ ನಿಂತಾಗ ಜೊಸಾಯ ಕೀಲಿ ಹಿಡಿದುಕೊಂಡು ಅಪ್ಪಣೆಗಾಗಿ ಒಂದು ಗಂಟೆ ನಿಂತ. ಅಪ್ಪಣೆ ಬರಲಿಲ್ಲ. ಅಕ್ಟೋಬರ್ ಕಳೆಯಿತು, ನವೆಂಬರ್ ಕಳೆಯಿತು. ದಿನಾ ಬೆಳಿಗ್ಗೆ ಅವನು ಕಿರುಬೆರಳಿನಿಂದ ಚಿತ್ರದ ಚಲ್ಲಣ ಮುಟ್ಟಿ ನೋಡುತ್ತಿದ್ದ. ಮೊದಮೊದಲು ಅಂಟುತ್ತಿದ್ದ ಬಣ್ಣ ದಿನದಿಂದ ದಿನಕ್ಕೆ ಗಟ್ಟಿಯಾಗುತ್ತಿತ್ತು.

ಕ್ರಿಸ್‌ಮಸ್ಸಿಗೆ ಐದು ದಿನವಿರುವಾಗ ಗಾಡಿಯಿಂದ ಒಬ್ಬ ಎತ್ತರದ, ಬಿಸಿಲಿಗೆ ತಾಮ್ರವಾದ ಮನುಷ್ಯ ಇಳಿದ. ಮಿಸೆಸ್ ಕ್ವಿಲೆಟ್ ಅವನನ್ನು ಕಂಡು ಅಂಗಡಿಯ ಕಟ್ಟೆಯ ಮೇಲೇ ಕೂತುಬಿಟ್ಟಳು, ವಿಷಯ ಗೊತ್ತಿದ್ದೂ. ಯಾರಿಗಾಗಿ ಒಮ್ಮೆ ಅತ್ತು ಮುಗಿಸಿದ್ದೇವೋ ಅವನನ್ನು ಮತ್ತೆ ನೋಡುವುದು ಯಾರಿಗಾದರೂ ಕಷ್ಟ.

ಬಾರ್ನಬಿ ಗ್ಯಾರಡ್ ಒಂದು ಗಂಟು ತಂದಿದ್ದ. ಕಾವಲಿಲ್ಲದ ಹೊತ್ತಿನಲ್ಲಿ ಹಾಯಿಬಟ್ಟೆ ಕತ್ತರಿಸಿ ತಾನೇ ಹೊಲಿದ ಚಲ್ಲಣ. ನಾಲ್ಕು ವರ್ಷದ ಅಳಿಯ ಎಷ್ಟು ದೊಡ್ಡವನಿರುತ್ತಾನೆಂದು ಅಂದಾಜಿಲ್ಲದೆ ಹತ್ತು ವರ್ಷದವನಿಗೆ ಆಗುವಷ್ಟು ಹೊಲಿದಿದ್ದ. ಮರುದಿನ ಊರೆಲ್ಲ ಸೇರಿತು, ಕೇಕು ಹಂಚಿದರು, ಆಂಬ್ರೋಸ್ ಅದರೊಳಗೆ ಇಳಿದು ಮುಳುಗಿದ. ಮಾವ ನಕ್ಕು ನಕ್ಕು ಹಗ್ಗದಿಂದ ಬಿಗಿದ. ಅಳಿಯ ಎರಡು ಹೆಜ್ಜೆ ಇಟ್ಟು ಬಿದ್ದ. ಅಳಲಿಲ್ಲ.

ನೆಂಟರೆಲ್ಲ ಹೋದ ಮೇಲೆ ಬಾರ್ನಬಿ ಗೋಡೆಯ ಕಡೆ ತಿರುಗಿದ. ಲವಿನಿಯ ಬೆಕ್ಕನ್ನು ಎತ್ತಿಕೊಂಡಳು. "ಪುಸಿ, ಈಗ ಹೇಳೋರು ಹೇಳಬಹುದು."

ಜೊಸಾಯ ಹೇಳಿದ. ಚಿತ್ರ ಮಂಕಾಗಿದೆ ಎಂಬ ಸುಳ್ಳು, ಎರವಲು ಉಡುಪು, ಗುಂಡಿ, ಗಂಟೆ, ಕೇಕಿನ ಎರಡನೆಯ ಹೋಳು, ಒಂದನ್ನೂ ಬಿಡದೆ. ಹೇಳುತ್ತ ಹೇಳುತ್ತ ಬತ್ತಿಯ ಹಾಗೆ ಕುಗ್ಗಿ, ಕೊನೆಗೆ ದನಿ ನೆಲದಿಂದ ಬರುವಂತಾಯಿತು.

ಬಾರ್ನಬಿ ದೀಪ ಎತ್ತಿ ಚಿತ್ರದ ಹತ್ತಿರ ಹಿಡಿದ. ಅವನು ರೇಗುತ್ತಾನೆಂದು ಇಬ್ಬರೂ ಕಾದರು.

"ಭಾವ," ಎಂದ ಕೊನೆಗೆ, "ಸೋಮವಾರ ಮತ್ತೆ ಹಡಗು ಹತ್ತಬೇಕು. ಇನ್ನೆಷ್ಟು ವರ್ಷವೋ. ಹೊರಟಾಗ ಇವನು ತೊಟ್ಟಿಲಲ್ಲಿದ್ದ. ಬಂದೆ, ಚಲ್ಲಣ ಹಾಕಿಸಿದೆ. ಚಲ್ಲಣದಲ್ಲಿ ಇನ್ನು ಬಾಳೆಲ್ಲ ಇರ್ತಾನೆ, ಯಾವಾಗ ಬಂದ್ರೂ ನೋಡಬಹುದು. ಲಂಗದಲ್ಲಿ ಓಡಾಡ್ತಿದ್ನಲ್ಲ, ನಂಗೋಸ್ಕರ ಕಾದುಕೊಂಡು, ಅದನ್ನ ಮಾತ್ರ ನಾನು ನೋಡಲೇ ಇಲ್ಲ. ಹೇಗಿದ್ದ?"

ಲವಿನಿಯ ತಮ್ಮನ ಕಡೆ ಕೈ ಚಾಚಿದಳು. ಬೆಕ್ಕು ಅವಳ ತೋಳಿಂದ ಜಾರಿ ಇಳಿಯಿತು.

ಜೊಸಾಯ ಹೊರಗೆ ಓಡಿದ. ಕೊಟ್ಟಿಗೆಯಿಂದ ಟರ್ಪೆಂಟೈನ್ ಬಾಟಲಿ, ಒಂದು ಹಿಡಿ ಚಿಂದಿ ತಂದು, ಚಿತ್ರವನ್ನು ಇಳಿಸಿ ಮೇಜಿನ ಮೇಲೆ ಮಲಗಿಸಿದ. ಯಾರನ್ನೂ ಕೇಳಲಿಲ್ಲ. ಮೊದಲು ಚಾಟಿ ಕರಗಿತು, ಅದರಡಿಯಿಂದ ಚೆರ್ರಿಗಳು ಒಂದೊಂದಾಗಿ ಕೆಂಪಗೆ ಮೇಲೆ ಬಂದವು. ಎಡ ಮಂಡಿ ಹೋಗಿ ಲಂಗದ ಅಂಚು ಕಂಡಿತು. ರಿಬ್ಬನ್ನು ಕಂಡಿತು. ಚಿಂದಿಗಳು ನೀಲಿಯಾಗುತ್ತ ಹೋದಂತೆ ಮಗು ಬೆಳ್ಳಗಾಗುತ್ತ ಬಂತು. ಬಾರ್ನಬಿ ಉಸಿರು ಬಿಗಿಹಿಡಿದು ಬಗ್ಗಿ ನೋಡುತ್ತಿದ್ದ.

"ರೀ," ಎಂದಳು ಲವಿನಿಯ, ಅವನ ಭುಜದ ಹಿಂದಿನಿಂದ. "ಬಲಗಡೆ ಇನ್ನೂ ಸ್ವಲ್ಪ ನೀಲಿ ಉಳಿದಿದೆ ನೋಡಿ."

ಜೊಸಾಯನಿಗೆ ಒಂದು ಕ್ಷಣ ಚಿತ್ರವೇ ಕಾಣಿಸಲಿಲ್ಲ. ಕಣ್ಣೊರೆಸಿಕೊಂಡು ಬಲಗಡೆ ಉಜ್ಜಿದ. ಎಲ್ಲ ಹೋಯಿತು. ಎದೆಯ ಮೇಲಿನ ಎರಡು ಹಿತ್ತಾಳೆ ಗುಂಡಿಗಳು ಮಾತ್ರ, ತಡವಾಗಿದ್ದರಿಂದ, ಏನು ಮಾಡಿದರೂ ಏಳಲಿಲ್ಲ. ಬಾರ್ನಬಿ ಚಿತ್ರವನ್ನು ಹಾಯಿಬಟ್ಟೆಯಲ್ಲಿ ಸುತ್ತಿಕೊಂಡು ಸೋಮವಾರ ಹೊರಟುಹೋದ.

ಮಾರ್ಚಿನಲ್ಲಿ ಅವನ ಕಾಗದ ಬಂತು. ಲವಿನಿಯ ಅದನ್ನು ಒಲೆಯ ಮುಂದೆ ಕೂತು ಗಟ್ಟಿಯಾಗಿ ಓದಿದಳು. ಎಲ್ಲರೂ ಕ್ಷೇಮ, ಗಾಳಿ ಅನುಕೂಲ, ಚಿತ್ರ ನನ್ನ ಹಾಸಿಗೆಯ ಮೇಲೆ ತೂಗುತ್ತಿದೆ. ಹಡಗಿನವರೆಲ್ಲ ದಿನಕ್ಕೊಮ್ಮೆ ಬಂದು ನೋಡಿ ಹೋಗುತ್ತಾರೆ. ಆ ಎರಡು ಗುಂಡಿ ಲಂಡನ್ನಿನ ಹೊಸ ಮಾದರಿಯೇ ಎಂದು ಕ್ಯಾಪ್ಟನ್ ಕೇಳಿದರು, ಅವರ ಮಗಳಿಗೂ ಹಾಗೇ ಹೊಲಿಸುತ್ತಾರಂತೆ. ಇನ್ನೊಂದು ವಿಷಯ, ಭಾವನಿಗೆ ಹೇಳಿ: ಹುಡುಗಿ ದೊಡ್ಡವಳಾದ ಮೇಲೆ ಕೊಡುತ್ತೀರಾ ಎಂದು ಈವರೆಗೆ ಮೂವರು ಕಿರಿಯ ಅಧಿಕಾರಿಗಳು ವಿಚಾರಿಸಿದ್ದಾರೆ, ಒಳ್ಳೆಯ ಮನೆತನದವರು.

ಜೊಸಾಯ ಎದ್ದು ಹೋಗಿ ಕಿಟಕಿಯಿಂದ ಎದುರು ಸಾಲಿನ ಟೋಪಿ ಅಂಗಡಿಯನ್ನು ನೋಡಿದ. ಡ್ಯಾಗೆಟ್ ಬಾಗಿಲಲ್ಲೇ ನಿಂತಿದ್ದ.

"ಲವಿ," ಎಂದ ಮೆಲ್ಲಗೆ, "ಕಾಗದಾನ ಸ್ವಲ್ಪ ಮೆತ್ತಗೆ ಓದ್ತೀಯಾ?"